ನಾವೇ ಕಟ್ಟಿದ ಶನಿವಾರದ ಮನೆ

ಸ್ವಂತ ಕೈಯಿಂದ ಮನೆ ಕಟ್ಟಲು ಹೊರಟವರ ಹಿಂದೆ ಎಡವಟ್ಟುಗಳು ಬಂದೇ ಬರುತ್ತವೆ, ಕಬ್ಬಿನ ಗಾಡಿಯ ಹಿಂದೆ ಮಕ್ಕಳು ಓಡಿ ಬಂದ ಹಾಗೆ. ಗದರಿಸಿ ಓಡಿಸಿದರೆ ಮುಂದಿನ ತಿರುವಿನಲ್ಲಿ ಮತ್ತೆ ಹಾಜರು.

ನಾನು ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಟೀಚರು. ಯಜಮಾನರು ಒಂದು ಕಚೇರಿಯಲ್ಲಿ ಗುಮಾಸ್ತರು. ನಮ್ಮ ಮನೆ ಇರುವುದು ಅದೇ ಊರಿನ ಗುತ್ತಲು ಬಡಾವಣೆಯಲ್ಲಿ. ಗೋಡೆಗೆ ಗೋಡೆ ಅಂಟಿಕೊಂಡ ಬೀದಿ. ಪಕ್ಕದವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತದೆ, ನಾವು ಸೀನಿದರೆ ಎದುರು ಮನೆಯವರು ನೆಗಡಿಗೆ ಕಷಾಯ ಹೇಳುತ್ತಾರೆ. ವಾರಕ್ಕೆ ಎರಡು ದಿನವಾದರೂ ತೆಪ್ಪಗಿರೋಣ ಅಂತ, ಹಲಗೂರಿನಿಂದ ಸ್ವಲ್ಪ ಒಳಗೆ, ನನ್ನ ತವರಿನವರು ಕೊಟ್ಟ ಚೂರು ಜಮೀನಿನಲ್ಲಿ ಪುಟ್ಟದೊಂದು ಮನೆ ಕಟ್ಟಲು ತೀರ್ಮಾನಿಸಿದೆವು. ಗೋಡೆ ಏಳಿಸಲು ಮಾತ್ರ ಗಾರೆ ಕೆಲಸದವರು, ಉಳಿದದ್ದೆಲ್ಲ ನಾವಿಬ್ಬರೇ.

ಪಕ್ಕದ ಹೊಲ ಒಬ್ಬ ಗೌಡರದು. ಗೌಡರೂ ಅವರ ಹೆಂಡತಿ ಗೌಡ್ತಮ್ಮನೂ ನಮ್ಮ ಮನೆ ಏಳುವುದನ್ನು ಟಿ.ವಿ. ಧಾರಾವಾಹಿ ನೋಡಿದ ಹಾಗೆ ನೋಡಿದರು. ಒಂದು ಕಂತನ್ನೂ ತಪ್ಪಿಸಲಿಲ್ಲ.

ಎರಡು ಟೀ

ಇಟ್ಟಿಗೆ ಇಳಿಸಿದ ದಿನ ಗೌಡರು ಬಂದು ಕೇಳಿದರು, "ಏನ್ಸಾರ್, ಹುಳ ಸಾಕೋ ಮನೆಯಾ?"

ನಮ್ಮ ಕಡೆ ಹೊಲದಲ್ಲಿ ಮನೆ ಕಟ್ಟಿದರೆ ಅದು ರೇಷ್ಮೆ ಹುಳುವಿಗೆ. ಮನುಷ್ಯರಿಗೆ ಊರೊಳಗೆ.

"ಅಲ್ಲ ಗೌಡ್ರೆ."

"ಕೋಳಿ ಫಾರಮ್ಮಾ?"

"ಅಲ್ಲ. ವೀಕೆಂಡ್ ಕ್ಯಾಬಿನ್ನು" ಎಂದರು ಯಜಮಾನರು, ಎದೆ ಸ್ವಲ್ಪ ಮುಂದೆ ಮಾಡಿ.

ಗೌಡರು ಆ ಮಾತನ್ನು ಹೊತ್ತುಕೊಂಡು ಊರೊಳಗೆ ಹೋದರು. ದಾರಿಯಲ್ಲಿ ಅದಕ್ಕೆ ಏನಾಯಿತೋ ಗೊತ್ತಿಲ್ಲ. ಮರುದಿನ ಇಬ್ಬರು ಬೈಕ್ ನಿಲ್ಲಿಸಿ, ಇಟ್ಟಿಗೆ ರಾಶಿಯ ಮೇಲೆ ಕೂತು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಎಲ್ಡು ಟೀ ಕೊಡವ್ವ. ಒಂದ್ಕೆ ಸಕ್ರೆ ಬ್ಯಾಡ" ಎಂದರು.

"ಇದು ಹೋಟೆಲ್ಲಲ್ಲ" ಎಂದೆ.

"ಕ್ಯಾಂಟೀನ್ ಆಯ್ತದೆ ಅಂದ್ರಲ್ಲ ಗೌಡ್ರು?"

"ಕ್ಯಾಂಟೀನ್ ಅಲ್ರೀ, ಕ್ಯಾಬಿನ್" ಎಂದು ಯಜಮಾನರು ಬಿಡಿಸಿ ಹೇಳಿದರು.

"ಅದೇಯ ಸಾರ್. ಟೀ ಇನ್ನೂ ಆಗಿಲ್ವಾ? ಕೂತಿರ್ತೀವಿ ಬುಡಿ, ಆತ್ರ ಇಲ್ಲ."

ಫ್ಲಾಸ್ಕಿನಲ್ಲಿ ನಮಗೆಂದು ತಂದಿದ್ದ ಟೀಯನ್ನು ಅವರಿಗೇ ಬಗ್ಗಿಸಿ ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು ಹೊರಡುವಾಗ ಒಬ್ಬ ಯಜಮಾನರನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದ, "ಜಾಗ ಚೆನ್ನಾಗದೆ ಸಾರ್, ಯಾಪಾರ ಆಯ್ತದೆ. ಟೀ ಮಾಡಾಕೆ ಮಾತ್ರ ಬ್ಯಾರೆ ಯಾರ್ನಾರ ಇಟ್ಕಳಿ."

ಈಶಾನ್ಯ ಮೂಲೆ

ಪಾಯಕ್ಕೆ ಗುರುತು ಹಾಕುವ ಕೆಲಸವನ್ನು ಯಜಮಾನರು ಯಾರಿಗೂ ಬಿಟ್ಟುಕೊಡಲಿಲ್ಲ. ಒಂದು ಶನಿವಾರ ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆದು, ದಾರ ಕಟ್ಟಿ, ಟೇಪು ಹಿಡಿದು ಅಳೆದು, ನನ್ನಿಂದಲೂ ಅಳೆಸಿ ಬಂದರು. ಮುಂದಿನ ವಾರ ಹೋಗಿ ನೋಡಿದರೆ ಒಂದು ಕಡೆಯ ದಾರ ಕಿತ್ತು ಬಂದಿತ್ತು. ಗಾಳಿಗೆ ಹೋಗಿರಬೇಕು ಅಂತ ಹೊಸ ದಾರ ಬಿಗಿದು, ಅದರ ಗುಂಟ ಸುಣ್ಣದ ಪುಡಿ ಸುರಿದರು. ಪಾಯ ತೋಡಿದ್ದಾಯಿತು, ಕಲ್ಲು ಕೂತದ್ದಾಯಿತು. ಆಮೇಲೆ ಅಳೆದರೆ ಒಂದು ಮೂಲೆ ಜಗಳವಾಡಿ ಮನೆ ಬಿಟ್ಟು ಹೊರಟವರ ಹಾಗೆ ಆಚೆಗೆ ಹೋಗಿ ನಿಂತಿತ್ತು.

"ಈಗೇನ್ರೀ ಮಾಡೋದು?" ಎಂದೆ.

"ಯಾರ ಹತ್ರಾನೂ ಹೇಳ್ಬೇಡ" ಎಂದರು.

ಅದೇ ಭಾನುವಾರ ನಮ್ಮ ಅತ್ತೆ ವಾಸ್ತು ನೋಡುವವರೊಬ್ಬರನ್ನು ಕರೆದುಕೊಂಡು ಬಂದುಬಿಟ್ಟರು. ಯಜಮಾನರ ಮುಖ ಸುಣ್ಣದ ಪುಡಿಯ ಬಣ್ಣಕ್ಕೆ ತಿರುಗಿತು. ವಾಸ್ತುವಿನವರು ಪಾಯವನ್ನು ಒಂದು ಸುತ್ತು ಹಾಕಿ, ಆ ಮೂಲೆಗೆ ಬಂದು ನಿಂತು, ಬಹಳ ಹೊತ್ತು ನೋಡಿ ಹೇಳಿದರು, "ಈಶಾನ್ಯ ಬೆಳೆಸಿದ್ದೀರಿ. ತುಂಬಾ ಒಳ್ಳೇದು. ಇದನ್ನ ಎಲ್ಲರೂ ಮಾಡೋಕಾಗಲ್ಲ. ಯಾರು ಗುರುತು ಹಾಕಿದ್ದು?"

ಯಜಮಾನರು ಕೆಮ್ಮಿದರು. "ನಾನೇ. ಸ್ವಲ್ಪ ಓದ್ಕೊಂಡಿದ್ದೆ."

ಅತ್ತೆ ನನ್ನ ಕಡೆ ನೋಡಿದ ನೋಟ ಇತ್ತಲ್ಲ, ನನ್ನ ಮಗ ಏನಂದುಕೊಂಡೆ ಅನ್ನುವ ಹಾಗೆ. ಅಷ್ಟರಲ್ಲಿ ಬದುವಿನ ಮೇಲೆ ಎಮ್ಮೆ ಮೇಯಿಸುತ್ತಿದ್ದ ಗೌಡ್ತಮ್ಮ ಹತ್ತಿರ ಬಂದರು.

"ಆ ಮೂಲೆನಾ? ಅದು ನಮ್ಮೆಮ್ಮೆ ಕಿತ್ತಾಕಿದ್ದು ಕಣಪ್ಪ. ಗೂಟ ಗಟ್ಟಿಯಾಗದೆ ಅಂತ ಇದ್ನ ಕಟ್ಟಾಕಿದ್ದೆ. ಎಳ್ಕಂಡೋಯ್ತು. ಆಮ್ಯಾಕೆ ನಾನೇ ಒಂದ್ ಅಂದಾಜ್ನಲ್ಲಿ ಬಡ್ದೆ."

ಯಜಮಾನರು ಟೇಪು ಸುತ್ತತೊಡಗಿದರು. ವಾಸ್ತುವಿನವರು ಮಾತ್ರ ಒಂದಿಷ್ಟೂ ಅಲುಗಾಡದೆ, "ಮೂಕ ಪ್ರಾಣಿಗಳಿಗೆ ದಿಕ್ಕಿನ ಜ್ಞಾನ ಹುಟ್ಟಿನಿಂದಲೇ ಬರುತ್ತೆ" ಎಂದು ಎಮ್ಮೆಗೆ ಕೈ ಮುಗಿದರು.

ಅತ್ತೆ ಮಗನಿಗೆಂದು ತಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಚೀಲದಿಂದ ತೆಗೆದು, ಮಗನನ್ನು ದಾಟಿಕೊಂಡು ಹೋಗಿ ಎಮ್ಮೆಗೆ ಕೊಟ್ಟರು.

ಜ್ವರ

ಯಜಮಾನರಿಗೆ ಗುರು ಅಂದರೆ ಮೊಬೈಲು. ಕಿಟಕಿ ಕೂರಿಸುವುದು, ಪೈಪು ಎಳೆಯುವುದು, ಎಲ್ಲವನ್ನೂ ವಿಡಿಯೋ ನೋಡಿ ಕಲಿಯುತ್ತಿದ್ದರು. ಆದರೆ ನಮ್ಮ ಜಮೀನಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಇಡೀ ಸುತ್ತಿನಲ್ಲಿ ಅದು ಚೆನ್ನಾಗಿ ಸಿಗುವ ಜಾಗ ಒಂದೇ, ಗೌಡರ ತಿಪ್ಪೆಯ ನೆತ್ತಿ. ಆದ್ದರಿಂದ ವಿದ್ಯಾಭ್ಯಾಸವೆಲ್ಲ ಅಲ್ಲೇ ನಡೆಯುತ್ತಿತ್ತು. ತಿಪ್ಪೆ ಹತ್ತಿ ಒಂದು ಪಾಠ ನೋಡುವುದು, ಇಳಿದು ಬಂದು ಅರ್ಧ ಮರೆಯುವುದು, ಮತ್ತೆ ಹತ್ತುವುದು.

ನನ್ನ ಸ್ಕೂಲಿಗೆ ರಜೆ ಇದ್ದ ಒಂದು ಶುಕ್ರವಾರ ಬಚ್ಚಲಿನ ಕೆಲಸ ಮುಗಿಸಲೇಬೇಕು ಅಂತ ಆಫೀಸಿಗೆ ಜ್ವರ ಎಂದು ಹೇಳಿ ಬಂದಿದ್ದರು. ತಿಪ್ಪೆಯ ಮೇಲೆ ನಿಂತು ಟೈಲ್ಸ್ ಕೂರಿಸುವ ಪಾಠ ನೋಡುತ್ತಿರುವಾಗ ಅವರ ಸಾಹೇಬರ ವಿಡಿಯೋ ಕಾಲ್ ಬಂತು. ಗಾಬರಿಯಲ್ಲಿ ಬೆರಳು ತಾಗಿ ಕಾಲ್ ಹತ್ತಿಕೊಂಡಿತು.

"ಹೇಗಿದೆ ಜ್ವರ?" ಎಂದರು ಸಾಹೇಬರು.

ಯಜಮಾನರು ಫೋನನ್ನು ಮುಖದ ಹತ್ತಿರ ತಂದು, ದನಿ ಇಳಿಸಿ, "ಸ್ವಲ್ಪ ಇದೆ ಸಾರ್. ಮನೇಲೇ ಮಲಗಿದ್ದೀನಿ" ಎಂದರು. ಬಿಸಿಲಿಗೆ ಬೆವರಿದ್ದ ಮುಖ ಜ್ವರಕ್ಕೆ ಒಪ್ಪುತ್ತಿತ್ತು ಕೂಡ. ನಾನು ಕೆಳಗೆ ನಿಂತು ನಗು ತಡೆಯುತ್ತಿದ್ದೆ.

ಆ ಹೊತ್ತಿಗೇ ಗೌಡ್ತಮ್ಮ ಸಗಣಿ ಮಂಕರಿ ಹೊತ್ತು ಬಂದರು. "ಒಸಿ ಆಕಡೀಕೆ ನಿಂತ್ಕಳಪ್ಪ" ಎಂದು, ಅವರು ಸರಿಯುವುದನ್ನೂ ಕಾಯದೆ ಮಂಕರಿಯನ್ನು ಕಾಲ ಬುಡದಲ್ಲೇ ಕವುಚಿದರು. ಯಜಮಾನರು ಹಿಂದಕ್ಕೆ ಜಿಗಿದರು. ಹೊಸ ಸಗಣಿಗೆ ಮುತ್ತಿದ ಕೋಳಿಗಳೆಲ್ಲ ಒಮ್ಮೆಗೇ ಹಾರಿ, ಒಂದು ಹುಂಜ ಅವರ ಹೆಗಲು ಸವರಿಕೊಂಡೇ ಹೋಯಿತು.

ಸಾಹೇಬರು ಶಾಂತವಾಗಿ ಹೇಳಿದರು, "ಜ್ವರ ಪೂರ್ತಿ ಇಳಿದ ಮೇಲೇ ಬನ್ನಿ. ಅಷ್ಟರಲ್ಲಿ ಮನೇನ ಒಂದ್ಸಲ ಗುಡಿಸಿಬಿಡಿ."

ಏಣಿ

ಮಳವಳ್ಳಿಯಲ್ಲಿ ಯಾರೋ ಕೆಡವಿದ ಹಳೇ ಮನೆಯ ಹೆಂಚು ತಂದು ಸೂರಿಗೆ ಹೊದಿಸಿದೆವು. ಮನೆ ಒಂದು ರೂಪಕ್ಕೆ ಬಂದ ಮೇಲೆ ಉಳಿದದ್ದು ಬಾಗಿಲಿನ ಬಣ್ಣ. ನನಗೆ ಹಳದಿ ಬೇಕು. ಅವರಿಗೆ ಕಂದು.

"ಹಳದಿ ಬಾಗಿಲು ನೋಡಿದ್ರೆ ಜನ ಆಟೋ ಅಂತಾರೆ" ಎಂದರು.

"ಕಂದು ಬಳಿದ್ರೆ ನಿಮ್ಮ ಆಫೀಸಿನ ಬೀರು ಅಂತಾರೆ" ಎಂದೆ.

ಈ ಜಗಳ ಗುತ್ತಲಿನಲ್ಲಿ ಶುರುವಾಗಿ, ಮದ್ದೂರಿನ ಬಣ್ಣದ ಅಂಗಡಿಯಲ್ಲಿ ಜೋರಾಯಿತು. ಕೊನೆಗೆ ಎರಡೂ ಡಬ್ಬ ಕೊಂಡು ಸ್ಕೂಟರಿನಲ್ಲಿಟ್ಟುಕೊಂಡು ಹೊರಟೆವು. ಅಂಗಡಿಯವನಿಗೆ ಮಾತ್ರ ಸಂತೋಷವಾಗಿತ್ತು.

ಜಮೀನಿಗೆ ಹೋದ ಮೇಲೆ ಅವರು ಸರಿದಿದ್ದ ಹೆಂಚು ಸರಿ ಮಾಡಲು ಏಣಿ ಹತ್ತಿ ಸೂರಿನ ಮೇಲೆ ಹೋದರು. ನಾನು ಹಳದಿ ಡಬ್ಬ ತೆರೆದೆ. ಬಾಗಿಲಿನ ಮೇಲಿನ ಪಟ್ಟಿ ನನಗೆ ಎಟುಕಲಿಲ್ಲ. ಏಣಿ ತೆಗೆದುಕೊಂಡೆ.

ಸ್ವಲ್ಪ ಹೊತ್ತಿಗೆ ಮೇಲಿಂದ ದನಿ ಬಂತು. "ಏಣಿ ಎಲ್ಲೇ?"

"ಬಾಗಿಲ ಹತ್ರ ಇದೆ ಕಣ್ರೀ. ಬಳೀತಾ ಇದ್ದೀನಿ."

"ಯಾವ ಬಣ್ಣ?"

ನಾನು ಉತ್ತರ ಕೊಡಲಿಲ್ಲ. ಅದೇ ಉತ್ತರ ಅಂತ ಅವರಿಗೆ ಗೊತ್ತಾಯಿತು. ಇನ್ನೇನು ಗಲಾಟೆ ಶುರುವಾಗಬೇಕು, ಆ ಹೊತ್ತಿಗೆ ದಾರಿಯಲ್ಲಿ ಗೌಡರು ಬಂದರು.

"ಯಾಕ್ಸಾರ್, ಸೂರ್ ಮ್ಯಾಲ್ ಕೂತಿದ್ದೀರಿ?"

ಹೆಂಡತಿ ಏಣಿ ಎತ್ತಿಕೊಂಡು ಹೋದಳು ಅಂತ ಗೌಡರಿಗೆ ಹೇಳುವುದುಂಟೆ. "ಸುಮ್ನೆ ಗೌಡ್ರೆ, ಗಾಳಿ ಚೆನ್ನಾಗಿದೆ" ಎಂದರು ಯಜಮಾನರು.

"ಅಂಗಾ? ಕೂತ್ಕಳಿ, ಕೂತ್ಕಳಿ. ನಂಗೂ ಏನೂ ಕೆಲ್ಸ ಇಲ್ಲ" ಎಂದು ಗೌಡರು ಕಲ್ಲಿನ ಮೇಲೆ ಕೂತು, ತಮ್ಮ ದಾಯಾದಿಗಳ ಬದುವಿನ ಜಗಳವನ್ನು ತಾತನ ಕಾಲದಿಂದ ಶುರು ಮಾಡಿದರು. ತಾತ ಮುಗಿದು ಅಪ್ಪನ ಕಾಲ ಬರುವಷ್ಟರಲ್ಲಿ ನನ್ನ ಮೊದಲ ಕೋಟು ಒಣಗಿತ್ತು. ಕೇಸು ಕೋರ್ಟಿಗೆ ಹೋಗುವಷ್ಟರಲ್ಲಿ ಎರಡನೆಯದೂ ಮುಗಿಯಿತು. ಹೆಂಚಿನ ಕಾವಿಗೆ ಯಜಮಾನರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತ, "ಹೂಂ, ಆಮೇಲೆ" ಎನ್ನುತ್ತಿದ್ದರು.

ಗೌಡರು ಎದ್ದು ಹೋದ ಮೇಲೆ ನಾನು ಏಣಿ ತಂದೆ. ಸೂರಿಗೆ ಆನಿಸಲಿಲ್ಲ, ಹಿಡಿದುಕೊಂಡು ನಿಂತೆ. "ಬಾಗಿಲು ನೋಡಿದ್ರಾ?" ಎಂದೆ.

ಅವರು ಅಂಚಿಗೆ ಬಗ್ಗಿ ಬಾಗಿಲನ್ನು ನೋಡಿದರು. ಏಣಿಯನ್ನು ನೋಡಿದರು. "ಹಳದೀನೇ ಚೆನ್ನಾಗಿ ಒಪ್ಪುತ್ತೆ" ಎಂದರು.

ಬುಧವಾರ

ಮನೆ ಮುಗಿಯಿತು. ಹಾಲು ಉಕ್ಕಿಸಿದ್ದೂ ಆಯಿತು. ಮಲ್ಲಿಗೆ ಬಳ್ಳಿಗೆ ನೀರು ಹಾಕಲಿ ಅಂತ ಬೀಗದ ಕೈ ಒಂದನ್ನು ಗೌಡ್ತಮ್ಮನ ಕೈಗೆ ಕೊಟ್ಟು ಬಂದೆವು.

ಒಂದು ಬುಧವಾರ ಸರ್ಕಾರಿ ರಜೆ ಬಂತು. ಗುತ್ತಲಿನ ನಮ್ಮ ಬೀದಿಯಲ್ಲಿ ಯಾರದೋ ನಾಮಕರಣಕ್ಕೆ ಬೆಳಗಿನಿಂದಲೇ ಮೈಕು ಹಾಕಿದ್ದರು. ಇಬ್ಬರೂ ಮುಖ ಮುಖ ನೋಡಿಕೊಂಡು, ಸ್ಕೂಟರ್ ಹತ್ತಿ ಹೊರಟೇಬಿಟ್ಟೆವು.

ಹೋಗಿ ನೋಡಿದರೆ ಹಳದಿ ಬಾಗಿಲು ತೆರೆದಿದೆ. ಒಳಗಿಂದ ಉಪ್ಸಾರಿನ ಘಮ ಬರುತ್ತಿದೆ. ಜಗಲಿಯ ಮೇಲೆ ಯಜಮಾನರ ಆರಾಮ ಕುರ್ಚಿಯಲ್ಲಿ ಗೌಡರು ಕಾಲು ನೀಡಿ ಕಣ್ಣು ಮುಚ್ಚಿದ್ದಾರೆ.

"ಯಾರು ಬಂದಿರಾದು?" ಎಂದು ಗೌಡ್ತಮ್ಮನ ದನಿ ಒಳಗಿಂದ ಬಂತು.

ಗೌಡರು ಒಂದು ಕಣ್ಣು ತೆರೆದರು. "ಮಂಡ್ಯದೋರು."

"ಬರೇಳಿ. ಕಾಲ್ ತೊಳ್ಕಳಾಕೆ ನೀರ್ ಕೊಡಿ."

ನಾವು ನಮ್ಮ ಮನೆಯ ಮುಂದೆ, ನಮ್ಮದೇ ಚೊಂಬಿನಲ್ಲಿ ಕಾಲು ತೊಳೆದುಕೊಂಡು, ಜಗಲಿಯ ಅಂಚಿನಲ್ಲಿ ಕೂತೆವು. ಗೌಡ್ತಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಹೊರಗೆ ಬಂದರು. ಮುಖದಲ್ಲಿ ಗಾಬರಿ ಇಲ್ಲ, ಸಂಕೋಚವಿಲ್ಲ.

"ಮಗಳ ಗಂಡನ ಮನೆಯೋರು ಬಂದವ್ರೆ ಕಣಮ್ಮ. ಮನೆ ತುಂಬ ಬೀಗ್ರು. ಮಾತು, ಮಾತು, ಮಾತು. ತಲೆ ಚಿಟ್ಟಿಡೀತು. ಅದ್ಕೆ ಒಂದಿನ ತೆಪ್ಪಗಿರಣ ಅಂತ ಇಲ್ಲಿಗ್ ಬಂದೋ."

ಆ ಮನೆ ಕಟ್ಟಲು ನಾವು ಕೊಟ್ಟುಕೊಂಡ ಕಾರಣವೂ ಅದೇ ಆಗಿತ್ತು.

"ಬೀಗರಿಗೆ ಏನು ಹೇಳಿ ಬಂದ್ರಿ?" ಎಂದೆ.

"ಮಂಡ್ಯದೋರ ಮನೆಗೆ ಓಗ್ಬತ್ತೀವಿ ಅಂದೋ" ಎಂದರು ಗೌಡರು. "ಸುಳ್ಳೇನಲ್ವಲ್ಲ. ಇದೂ ನಿಮ್ಮನೇನೇ ಅಲ್ವಾ."

ಮುದ್ದೆ ಉಪ್ಸಾರು ಬಡಿಸಿದರು. ಚೆನ್ನಾಗಿತ್ತು ಅಂತ ಒಪ್ಪಲೇಬೇಕು. ಊಟವಾದ ಮೇಲೆ ಯಜಮಾನರು ತಮ್ಮ ಕುರ್ಚಿಯ ಕಡೆ ನಡೆದರು. ಅವರು ಕೈ ಒರೆಸಿಕೊಳ್ಳುವಷ್ಟರಲ್ಲಿ ಗೌಡರು ಅದರಲ್ಲಿ ಮಲಗಿ ಗೊರಕೆ ಶುರು ಮಾಡಿದ್ದರು. ಒಳಗೆ ನಮ್ಮ ಮಂಚದ ಮೇಲೆ ಗೌಡ್ತಮ್ಮ ಮುಸುಕು ಹಾಕುತ್ತಿದ್ದರು. ನಾವಿಬ್ಬರೂ ಸ್ವಲ್ಪ ಹೊತ್ತು ಮಲ್ಲಿಗೆ ಬಳ್ಳಿಯ ಹತ್ತಿರ ನಿಂತೆವು. ಆಮೇಲೆ, "ಹಾಗಾದರೆ ಹೊರಡ್ತೀವಿ ಗೌಡ್ತಮ್ಮ" ಎಂದೆ.

ಅವರು ಬಾಗಿಲವರೆಗೂ ಎದ್ದು ಬಂದು, ಒಂದು ಕಟ್ಟು ಸೊಪ್ಪು ಕೊಟ್ಟು ಬೀಳ್ಕೊಟ್ಟರು. "ಇನ್ನೊಂದ್ಸಲ ಬರೋವಾಗ ಒಂದ್ ಫೋನ್ ಮಾಡ್ಬುಡಿ ಕಣಮ್ಮ. ಇಂಗೆ ಇದ್ದಕ್ಕಿದ್ದಂಗೆ ಬಂದು, ನಾವ್ ಇಲ್ದಿದ್ರೆ ಸುಮ್ಕೆ ತೊಂದ್ರೆ ನಿಮ್ಗೆ."

ಊರು ದಾಟುವಾಗ ಗೌಡರ ಮನೆಯ ಜಗಲಿಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಕೂತಿದ್ದರು. ಸ್ಕೂಟರಿಗೆ ಕೈ ಅಡ್ಡ ಮಾಡಿ ನಿಲ್ಲಿಸಿದರು.

"ಒಲದಾಗೆ ಮನೆ ಕಟ್ಸಿರೋ ಮಂಡ್ಯದೋರು ನೀವೇಯಾ? ನಮ್ ಬೀಗ್ರು ನಿಮ್ಮನೇಗೇ ಓಗವ್ರಲ್ಲ, ಬಂದ್ರಾ?"

ಯಜಮಾನರು ನನ್ನ ಮುಖ ನೋಡಿದರು. ಸುಳ್ಳು ಹೇಳುವ ಅಗತ್ಯ ಕಾಣಲಿಲ್ಲ. "ಬಂದಿದ್ದಾರೆ. ಊಟ ಆಯ್ತು. ನಮ್ಮನೇಲೇ ಮಲಗಿದ್ದಾರೆ" ಎಂದರು.

ಆ ಹಿರಿಯರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಬೇಸರದಿಂದ ತಲೆ ಆಡಿಸಿದರು.

"ಓದಿರೋರು, ಕೆಲ್ಸದಲ್ಲಿರೋರು, ನಿಮ್ಗೆ ನಾನ್ ಯೋಳ್ಬೇಕಾ? ಮನೇಲಿ ನೆಂಟ್ರನ್ನ ಬುಟ್ಟು ಇಂಗ್ ಊರೂರ್ ಸುತ್ತಾರಾ? ನಡೀರಿ, ಮೊದ್ಲು ಮನೇಗ್ ಓಗಿ."

ಸ್ಕೂಟರ್ ತಿರುಗಿಸಿಕೊಂಡು ಹೋದೆವು.