ಚಿನ್ನವ್ವನ ಬಲಗಣ್ಣು

ಹುಚ್ಚೀರಪ್ಪನವರ ಮನೆಗೆ ಬಂದವರು ಉಣ್ಣದೆ ಹೋದದ್ದನ್ನು ಬೆಟಗೇರಿಯಲ್ಲಿ ಯಾರೂ ನೋಡಿಲ್ಲ. ಕರೆಂಟಿನ ಮೀಟರ್ ಓದಲು ಬಂದವನೂ ಎರಡು ರೊಟ್ಟಿ, ಶೇಂಗಾ ಚಟ್ನಿ ಮುಗಿಸಿಯೇ ಮೀಟರಿನ ಮುಖ ನೋಡಬೇಕು. ಇಂಥ ಮನೆಗೆ ಒಂದು ಮೀನು ಅತಿಥಿಯಾಗಿ ಬಂದರೆ ಅದರ ಗತಿ ಏನಾಗಬೇಕು, ನೀವೇ ಹೇಳಿ.

ಮೀನಿನ ಹೆಸರು ಚಿನ್ನವ್ವ. ಲಕ್ಷ್ಮೇಶ್ವರದಲ್ಲಿರುವ ಮಗಳು ಶಾಂಭವಿ ಮೂರು ವರ್ಷದಿಂದ ಜೀವಕ್ಕೆ ಜೀವ ಕೊಟ್ಟು ಸಾಕಿದ ಗೋಲ್ಡ್ ಫಿಶ್. ಮಗಳ ಮನೆಗೆ ಹೊಸ ಟೈಲ್ಸ್ ಹಾಕಿಸುವ ಗದ್ದಲದಲ್ಲಿ ಒಂದು ತಿಂಗಳ ಮಟ್ಟಿಗೆ ಗಾಜಿನ ತೊಟ್ಟಿ ಸಮೇತ ಇಲ್ಲಿಗೆ ಬಂದಿದ್ದಳು. (ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆಯಲ್ಲಿ ಮೀನು! ಪಕ್ಕದ ಮನೆಯ ಬಸವಣ್ಣೆವ್ವ ಎರಡು ದಿನ ಹೊಸ್ತಿಲಾಚೆಯಿಂದಲೇ ಮಾತಾಡಿದಳು. ಮೂರನೆಯ ದಿನ ತಾನೇ ರೊಟ್ಟಿಚೂರು ಹಿಡಿದುಕೊಂಡು ಬಂದಳು.)

"ದಿನಕ್ಕ ಒಂದ ಚಿಟಿಕಿ ಕಾಳು ಹಾಕು ಅಪ್ಪಾ, ಅಷ್ಟ ಸಾಕು" ಎಂದು ಶಾಂಭವಿ ಹೇಳಿಹೋಗಿದ್ದಳು. ಹುಚ್ಚೀರಪ್ಪನವರು ತಲೆಯನ್ನೇನೋ ಆಡಿಸಿದ್ದರು. ಆದರೆ ಚಿನ್ನವ್ವ ಅವರನ್ನು ಕಂಡೊಡನೆ ಓಡಿಬಂದು ಗಾಜಿಗೆ ಬಾಯಿ ಹಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದಳು. ಎದುರಿಗೆ ಒಬ್ಬರು ಬಾಯಿ ತೆರೆದು ನಿಂತಾಗ ಸುಮ್ಮನೆ ನೋಡುತ್ತ ಕೂಡುವ ವಂಶ ಅವರದಲ್ಲ.

ಮೂರನೆಯ ವಾರ ಚಿನ್ನವ್ವನ ಬಲಗಣ್ಣು ಊದಿಕೊಂಡಿತು. ಮೇಲೆ ಹಾಲಿನ ಕೆನೆಯಂಥ ಪರೆ. ಶಾಂಭವಿ ಬರುವುದು ಮುಂದಿನ ಭಾನುವಾರ. ಮಗಳ ಮೀನನ್ನು ಕುರುಡಾಗಿಸಿ ಹಿಂದಕ್ಕೆ ಕೊಡುವುದೆಂದರೇನು? ಹುಚ್ಚೀರಪ್ಪನವರು ಚಹಾದ ಕಪ್ಪು ಬದಿಗಿಟ್ಟು ಎದ್ದರು.

ಆರು ತಿಂಗಳ ಹಿಂದೆ ಅವರದೇ ಕಣ್ಣಿನ ಪೊರೆ ತೆಗೆಸಿದ್ದರಿಂದ ನೇತ್ರಶಾಸ್ತ್ರವೆಲ್ಲ ಕರತಲಾಮಲಕವಾಗಿದೆ ಎಂದು ಅವರ ನಂಬಿಕೆ. ಉಳಿದಿದ್ದ ಹನಿಯ ಬಾಟಲಿ ಹುಡುಕಿ, ಸ್ಟೂಲು ಹತ್ತಿ, ತೊಟ್ಟಿಯ ಮೇಲೆ ಬಗ್ಗಿದರು. ಅಷ್ಟರಲ್ಲಿ ಹೆಂಡತಿ ಅಮೃತವ್ವ ಒಳಗಿನಿಂದ ಬಂದರು.

"ಏನ್ರಿ ಅದು?"

"ಔಷಧ. ನನ್ನ ಕಣ್ಣು ಇದರಾಗ ನೆಟ್ಟಗಾಗಿಲ್ಲೇನ?"

"ನೀವು ಮಂಚದ ಮ್ಯಾಲೆ ಅಂಗಾತ ಮಕ್ಕೊಂಡು ಹಾಕಿಸ್ಕೊಂಡ್ರಿ. ಆಕಿನ್ನ ಹೆಂಗ ಮಲಗಸ್ತೀರಿ?"

"ಹನಿ ಬಿದ್ದ ಮ್ಯಾಲೆ ಒಂದೀಟು ಕಣ್ಣು ಮುಚ್ಕೊಂಡಿದ್ರ ಆತು."

"ಮೀನಿಗೆ ರೆಪ್ಪಿ ಎಲ್ಲೈತ್ರಿ, ಮುಚ್ಕೊಳ್ಳಾಕ?"

ಹುಚ್ಚೀರಪ್ಪನವರು ಬಗ್ಗಿ ನೋಡಿದರು. ಇರಲಿಲ್ಲ. ಮೂರು ವಾರ ದಿನಕ್ಕೆ ಹತ್ತು ಸಲ ಮುಖಕ್ಕೆ ಮುಖ ಕೊಟ್ಟು ಕೂತಿದ್ದರೂ ಅವರಿಗೆ ಇದು ಕಂಡಿರಲಿಲ್ಲ. ಅಮೃತವ್ವ ಸಿಂಗಟಾಲೂರಿನ ಹೊಳೆದಂಡೆಯಲ್ಲಿ ಬೆಳೆದವರು. ಬಾಟಲಿ ಕಸಿದುಕೊಂಡು, ತೊಟ್ಟಿಯ ನೀರಿನಲ್ಲಿ ಬೆರಳದ್ದಿ ಮೂಸಿ ನೋಡಿ ಮುಖ ಸಿಂಡರಿಸಿದರು. "ಬೇನಿ ಕಣ್ಣಾಗಿಲ್ಲ, ನೀರಾಗ ಐತಿ. ಜಲ್ದಿ ನಡೀರಿ" ಎಂದವರೇ ಚಿನ್ನವ್ವನನ್ನು ಸ್ಟೀಲಿನ ಹಾಲಿನ ಕ್ಯಾನಿನಲ್ಲಿ ಕೂಡಿಸಿಕೊಂಡು, ಗಂಡನನ್ನೂ ಹೊರಡಿಸಿಕೊಂಡು, ಗದಗಿನಲ್ಲಿ ಬಣ್ಣದ ಮೀನು ಮಾರುವ ಅತಾವುಲ್ಲಾನ ಅಂಗಡಿಗೆ ಬಂದರು.

ಅತಾವುಲ್ಲಾ ಕ್ಯಾನಿನೊಳಗೆ ಟಾರ್ಚು ಬಿಟ್ಟು, ದೊಡ್ಡ ದವಾಖಾನೆಯ ಡಾಕ್ಟರಿಗೂ ಇರದ ತಾಳ್ಮೆಯಿಂದ ನೋಡಿದ.

"ಎರಡೂ ಕಣ್ಣು ಊದಿದ್ರ ಒಳಗಿನ ರೋಗ ಅಂತ ಹೆದರಬೇಕ್ರಿ. ಇದು ಒಂದ ಕಣ್ಣು. ಎಲ್ಲ್ಯೋ ಬಡದೈತಿ, ಹೊಲಸು ನೀರು ಕೂಡಿ ನಂಜಾಗೇತಿ. ತಿನ್ನಾಕ ಏನು ಹಾಕ್ತೀರಿ?"

"ಒಂದ ಚಿಟಿಕಿ" ಎಂದರು ಹುಚ್ಚೀರಪ್ಪನವರು, ಗೋಡೆ ನೋಡುತ್ತ.

"ಖರೆ ಹೇಳ್ರಿ!" ಎಂದರು ಅಮೃತವ್ವ. "ಮುಂಜಾನೆ ರೊಟ್ಟಿ, ಮಧ್ಯಾಹ್ನ ಅನ್ನ, ಸಂಜಿಕ ಚುರುಮುರಿ. ಅಮಾಸಿ ದಿನ ಹೋಳಗಿ. ಬಂದವರೆಲ್ಲಾರ ಕೈಲೆ ಒಂದೊಂದು ತುತ್ತು ಬ್ಯಾರೆ. ಇವರು ಚುರುಮುರಿ ಒಗದ್ರ ಸಾಕು, ಆಕಿ ಹಾರಿ ಹೋಗಿ ತೊಟ್ಟ್ಯಾಗಿನ ಗಾಳಿ ಪೈಪಿನ ತುದಿಗೆ ಮಾರಿ ಬಡಕೋತಾಳ."

ಅತಾವುಲ್ಲಾ ಟಾರ್ಚು ಆರಿಸಿ ಅಮೃತವ್ವನಿಗೆ ಕೈಮುಗಿದ. "ರೋಗ ನೀವ ಹಿಡದೀರಿ ತಾಯಾರ. ನಾ ಉಪ್ಪಷ್ಟ ಕೊಡ್ತೇನಿ."

ಚಿಕಿತ್ಸೆ ಹೀಗೆ: ಎರಡು ದಿನ ಚಿನ್ನವ್ವನಿಗೆ ಉಪವಾಸ. ದಿನಾ ಕಾಲುಭಾಗ ನೀರು ತೆಗೆದು, ಹಿಂದಿನ ದಿನ ಹಿಡಿದಿಟ್ಟ ನೀರು ಹಾಕುವುದು. ಸಂಜೆ ಅಳತೆಯ ಉಪ್ಪುನೀರಿನ ಬೋಗುಣಿಯಲ್ಲಿ ಹತ್ತು ನಿಮಿಷ ಬಿಟ್ಟು ತೆಗೆಯುವುದು. ನೀರು ಬದಲಿಸುವುದು, ಮೂರನೆಯ ದಿನದಿಂದ ಚಿಟಿಕೆ ಕಾಳು ಹಾಕುವುದು ಅಮೃತವ್ವನ ಪಾಲಿಗೆ ಬಂದವು. ಬಲೆ ಹಾಕಿ ಹಿಡಿದು ಉಪ್ಪುನೀರಿಗೆ ಒಯ್ಯುವುದು ಹುಚ್ಚೀರಪ್ಪನವರ ಪಾಲಿಗೆ ಬಂತು.

ಆ ಎಂಟು ದಿನ ಅವರು ಪಟ್ಟ ಕಷ್ಟ ಅವರಿಗೇ ಗೊತ್ತು. ಚಿನ್ನವ್ವ ಬಾಯಿ ತೆರೆದಾಗ ಗೋಡೆಯ ಕಡೆ ಮುಖ ಮಾಡಿ ಉಂಡರು. ಒಮ್ಮೆ ಕೈ ತಾನಾಗಿ ಚುರುಮುರಿ ಡಬ್ಬಿಗೆ ಹೋಯಿತು. "ಏನ್ರೀ!" ಎಂದು ಅಡುಗೆಮನೆಯಿಂದ ಕೂಗು ಬಂತು. (ಅಡುಗೆಮನೆಯಿಂದ ತೊಟ್ಟಿ ಕಾಣುವುದಿಲ್ಲ. ಅದು ಹೇಗೆ ಗೊತ್ತಾಯಿತೆಂದು ಅವರು ಇನ್ನೂ ಯೋಚಿಸುತ್ತಿದ್ದಾರೆ.) ಬಂದವರಿಗೆಲ್ಲ ಅಮೃತವ್ವ ಒಂದೇ ಮಾತು ಹೇಳಿದರು: "ನಿಮಗ ಎಷ್ಟ ಬೇಕು ಉಣ್ರಿ, ಆಕಿಗೆ ಮಾತ್ರ ಕೈ ಚಾಚಬ್ಯಾಡ್ರಿ." ದಿನದಿನಕ್ಕೆ ಊತ ಇಳಿಯಿತು, ಪರೆ ಕರಗಿತು. ಇಂಥವಳ ಕೈಗೆ ಒಂದು ಆಸ್ಪತ್ರೆಯನ್ನೇ ಕೊಡಬೇಕಿತ್ತು ಎಂದು ಹುಚ್ಚೀರಪ್ಪನವರಿಗೆ ಮನಸಾರೆ ಅನ್ನಿಸಿತು.

ಭಾನುವಾರ ಶಾಂಭವಿ ಬಂದಳು. ನಡೆದದ್ದನ್ನೆಲ್ಲ ಅಪ್ಪ ಹೇಳಿದರು. ಹೇಳುವಾಗ ಯಾಕೋ ಅಮೃತವ್ವನ ಭಾಗ ಸಣ್ಣದಾಗುತ್ತ, ತಮ್ಮ ಭಾಗ ದೊಡ್ಡದಾಗುತ್ತ ಹೋಯಿತು. ಶಾಂಭವಿ ತೊಟ್ಟಿಯ ಮುಂದೆ ಕೂತು ಬಹಳ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು.

"ನೋಡಾಕ ಚಲೋ ಕಾಣತೈತಿ. ಆದ್ರ ಆ ಕಣ್ಣಿಗೆ ದೃಷ್ಟಿ ಐತೋ ಇಲ್ಲೋ?"

"ಯಾಕಿಲ್ಲ? ಬಲಗಡೆ ನಾ ಹೋಗಿ ನಿಂದರತೇನಿ. ನನ್ನ ಕಂಡ್ರ ಹೆಂಗ ಓಡಿ ಬರತಾಳ ನೋಡು" ಎಂದು ಹುಚ್ಚೀರಪ್ಪನವರು ಎದ್ದರು. ಸದ್ದಿಲ್ಲದೆ ಚಿನ್ನವ್ವನ ಬಲಮಗ್ಗುಲಿಗೆ ಬಂದು, ಅಕ್ಕರೆಯಿಂದ ನಕ್ಕು ಮುಖ ಚಾಚಿದರು.

ಚಿನ್ನವ್ವನ ಬಲಗಣ್ಣು ಅವರ ಮೇಲೆ ಬಿತ್ತು. ಬಿದ್ದದ್ದೇ ತಡ, ಬಾಲ ಝಾಡಿಸಿ ತಿರುಗಿ, ಎದುರಿನ ಮೂಲೆಯ ಪಾಚಿಗಿಡದ ಹಿಂದೆ ಹೋಗಿ ಅಡಗಿದಳು.

ಶಾಂಭವಿ ಚಪ್ಪಾಳೆ ತಟ್ಟಿದಳು. "ಕಾಣತೈತಿ ಅಪ್ಪಾ! ಬರೋಬ್ಬರಿ ಕಾಣತೈತಿ! ಬಲೆ ಹಾಕಾಂವ ಬಂದ ಅಂತ ನಿನ್ನ ಗುರ್ತು ಹಿಡದಾಳ!"

ಹುಚ್ಚೀರಪ್ಪನವರಿಗೆ ಸಂತೋಷವಾಯಿತು. ದುಃಖವೂ ಆಯಿತು.

"ಇನ್ನ ಆ ಬಾಗಲದ ಹಿಂದ ಸರೀರಿ, ಆಕಿ ಉಣ್ಣಲಿ" ಎಂದು ಅಮೃತವ್ವ ಚಿಟಿಕೆ ಕಾಳು ಹಿಡಿದು ಬಂದರು. ಮನೆಯ ಯಜಮಾನರು ಬಾಗಿಲಿನ ಮರೆಗೆ ಹೋಗಿ, ಸಂದಿಯಿಂದ ಒಂದು ಕಣ್ಣಿಟ್ಟು, ಚಿನ್ನವ್ವ ಉಣ್ಣುವುದನ್ನು ನೋಡುತ್ತ ನಿಂತರು.