ಬಾಗಿಲಿಲ್ಲದ ಡೇರೆ

ಸ್ಕೌಟ್ ಹುಡುಗರ ಡೇರೆಗೆ ಎಷ್ಟು ಬಟ್ಟೆ ಬೇಕೆಂದು ಹೆಡ್‌ಮಾಸ್ತರು ಚಿಕ್ಕಹನುಮಂತಪ್ಪ ಕೇಳಿದ್ದು ಡ್ರಿಲ್ ಮಾಸ್ತರು ಬೈಲಪ್ಪನವರನ್ನು. ಉತ್ತರ ಕೊಟ್ಟವರು ಗಣಿತದ ಯರ್ರಿಸ್ವಾಮಿ ಮಾಸ್ತರು. ತೊಂದರೆ ಶುರುವಾದದ್ದೇ ಅಲ್ಲಿ.

ಎಂಟು ವರ್ಷದಿಂದ ಜಗಳೂರಿನ ಆ ಹೈಸ್ಕೂಲಿನಲ್ಲಿದ್ದ ಯರ್ರಿಸ್ವಾಮಿಗೆ ಹೊನ್ನಾಳಿಗೆ ವರ್ಗವಾಗಬೇಕಿತ್ತು. ಹೆಂಡತಿ ಅಲ್ಲಿ, ಇವರು ಇಲ್ಲಿ. ತಮ್ಮದೇ ಕೈಯಡುಗೆ ಉಂಡುಂಡು ನಾಲಿಗೆ ಸೀಮೆಸುಣ್ಣದಂತಾಗಿತ್ತು. ವರ್ಗ ಮಾಡುವ ಸಾಹೇಬರು ಗುರುವಾರ ಚಿತ್ರದುರ್ಗದಿಂದ ತಪಾಸಣೆಗೆ ಬರುವವರಿದ್ದರು. ಅವರ ಕಣ್ಣಿಗೆ ಬೀಳಲು ಇದೇ ಸಮಯವೆಂದು ಮಾಸ್ತರು ಬೋರ್ಡಿನ ಮುಂದೆ ನಿಂತರು. ಡೇರೆ ಎಂದರೆ ತ್ರಿಕೋನ ಪಟ್ಟಕ, ಐದು ಮುಖದ ಪ್ರಿಸಮ್. ಎರಡು ತ್ರಿಕೋನ ಸೇರಿ ಇಪ್ಪತ್ತನಾಲ್ಕು, ಎರಡು ಇಳಿಜಾರು ನೂರು, ನೆಲ ಅರವತ್ತು. ಪೂರ್ಣ ಮೇಲ್ಮೈ ವಿಸ್ತೀರ್ಣ ನೂರಾ ಎಂಬತ್ತನಾಲ್ಕು ಚದರಡಿ.

ದರ್ಜಿ ಖಾಜಾಸಾಬ್ ಬಾಗಿಲು ಎಲ್ಲಿಡಬೇಕೆಂದು ಕೇಳಿದ್ದುಂಟು.

“ಲೆಕ್ಕದಾಗೆ ಬಾಗ್ಲಿಲ್ಲ ಸಾಬ್ರೆ. ಐದು ಮುಖ ಐತೆ, ಐದೂ ಹೊಲಿರಿ,” ಎಂದರು ಮಾಸ್ತರು. ಖಾಜಾಸಾಬ್ ಇರುವೆಯೂ ನುಸುಳದಂತೆ ಹೊಲಿದುಕೊಟ್ಟರು.

ಗುರುವಾರ ಬೆಳಿಗ್ಗೆ ಮೈದಾನದಲ್ಲಿ ಬಿಡಿಸಿದಾಗ ಅದು ನಾಲ್ಕೂ ಕಡೆ ಹೊಲಿದ ದಿಂಬಿನ ಚೀಲದಂತೆ ಬಿದ್ದಿತ್ತು. ಹಿಂದಿ ಟೀಚರ್ ಕಸ್ತೂರಮ್ಮ ಅದಕ್ಕೆ ಹತ್ತಿ ತುಂಬಲು ಸಲಹೆ ಕೊಟ್ಟರು. ಬೈಲಪ್ಪನವರು ಮೂಲೆಯಲ್ಲಿ ಒಂದು ಮೊಳ ಹೊಲಿಗೆ ಬಿಚ್ಚಿದರು. ಒಳಗೆ ಹೋಗಿ ಕೋಲು ನಿಲ್ಲಿಸುವವರು ಯಾರು? ಲೆಕ್ಕ ಹಾಕಿದವರೇ ಎಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದರು.

ಯರ್ರಿಸ್ವಾಮಿ ಎರಡು ಕೋಲು ಎಳೆದುಕೊಂಡು ತೆವಳಿದರು. ಒಂದು ಕೋಲು ನಿಂತಿತು. ಎರಡನೆಯದು ಅದನ್ನೂ ಕೆಡವಿ ಅವರ ಮೇಲೆಯೇ ಬಿತ್ತು. ಬಂದ ದಾರಿ ಕೈಗೆ ಸಿಗಲಿಲ್ಲ. ಡೇರೆ ಈಯಲಿರುವ ಎಮ್ಮೆಯ ಹೊಟ್ಟೆಯಂತೆ ಅತ್ತಿತ್ತ ಹೊರಳತೊಡಗಿತು. ಅಷ್ಟರಲ್ಲಿ ಗೇಟಿನಲ್ಲಿ ಜೀಪಿನ ಸದ್ದು. ಸಲಹೆ ಕೊಟ್ಟವರೆಲ್ಲ ತಮ್ಮ ತಮ್ಮ ಕ್ಲಾಸು ಸೇರಿಕೊಂಡರು. ಉಳಿದವರು ಹೆಡ್‌ಮಾಸ್ತರು ಒಬ್ಬರೇ.

ಇದೇನೆಂದು ಸಾಹೇಬರು ಕೇಳಿದರು.

“ಪಟ್ಟಕದ ಪಾಠ ಸಾರ್. ಪ್ರಾಕ್ಟಿಕಲ್,” ಎಂದರು ಹೆಡ್‌ಮಾಸ್ತರು.

ಸಾಹೇಬರೂ ಒಂದು ಕಾಲದ ಗಣಿತ ಮಾಸ್ತರು. ಬಟ್ಟೆಯ ಬಳಿ ಬಾಗಿ ಪಾರ್ಶ್ವ ಮೇಲ್ಮೈ ಎಷ್ಟೆಂದು ವಿಚಾರಿಸಿದರು. ನೂರಾ ಅರವತ್ತು ಎಂದು ಒಳಗಿನಿಂದ ಧ್ವನಿ ಬಂತು. ಪಿರಮಿಡ್ಡಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಸಾಹೇಬರು ಮತ್ತೆ ಕೇಳಿದರು.

“ಅದಕ್ಕೆ ಪಾದ ಒಂದೇ ಸಾರ್. ಪಕ್ಕದೊವೆಲ್ಲ ತ್ರಿಕೋನ, ಮ್ಯಾಲೆ ಹೋಗಿ ಒಂದ್ಕಡೆ ಕೂಡ್ತಾವೆ. ಸ್ವಲ್ಪ ಗಾಳಿ ಬೇಕು ಸಾರ್.”

ಬಟ್ಟೆ ಕತ್ತರಿಸಿ ಮಾಸ್ತರನ್ನು ಹೊರಗೆಳೆದಾಗ ಸಾಹೇಬರು ಅವರ ಎರಡೂ ಕೈ ಹಿಡಿದು ಕುಲುಕಿದರು. ಆಕೃತಿಯ ಒಳಗೇ ಕೂತು ಪಾಠ ಮಾಡಿದವರನ್ನು ತಾವು ಕಂಡಿಲ್ಲವೆಂದರು. ಯರ್ರಿಸ್ವಾಮಿ ಧೈರ್ಯ ಮಾಡಿ ಹೊನ್ನಾಳಿಯ ಮಾತೆತ್ತಿದರು. ಸಾಹೇಬರು ನಗುತ್ತ ಚೀಲದಿಂದ ಒಂದು ಕಾಗದ ತೆಗೆದರು.

“ನಿಮ್ಮ ವರ್ಗದ ಆರ್ಡರ್. ಹೋದ ವಾರವೇ ಸಹಿ ಮಾಡಿದೆ, ಕೈಗೇ ಕೊಡೋಣ ಅಂತ ತಂದೆ.”

ಯರ್ರಿಸ್ವಾಮಿ ಕೈ ಚಾಚಿದರು. ಸಾಹೇಬರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹರಿದರು.

“ನಿಮ್ಮಂಥೋರು ಹೋದ್ರೆ ಈ ಮಕ್ಕಳ ಗತಿ ಏನ್ರಿ? ಇನ್ನೈದು ವರ್ಷ ಇಲ್ಲೇ ಇರಿ. ಮುಂದಿನ ಸಲ ಬಂದಾಗ ಪಿರಮಿಡ್ ತೋರಿಸಿ.”

ಜೀಪು ಧೂಳೆಬ್ಬಿಸಿ ಹೋಯಿತು. ಹೆಡ್‌ಮಾಸ್ತರು ದರ್ಜಿಗೆ ಹೇಳಿಕಳಿಸಲು ಓಡಿದರು. ಯರ್ರಿಸ್ವಾಮಿ ಯಾರೂ ಕರೆಯದಿದ್ದರೂ ಡೇರೆಯೊಳಗೆ ತೆವಳಿ ಹೋಗಿ ಕೂತುಬಿಟ್ಟರು.