ಮಾವನ ಬಂದೂಕಿಗೆ ಕಿಟಕಿ ಸೀಟು

ನಮ್ಮ ಸೋದರಮಾವನ ಪುಣ್ಯದಿಂದ ಕಾನಹೊಸಹಳ್ಳಿ ಸಂತೆಯ ಮೇಲೆ ಈವರೆಗೆ ಯಾವ ಶತ್ರು ದೇಶವೂ ದಾಳಿ ಮಾಡಿಲ್ಲ! ಹೊಲಕ್ಕೆ ಬರೋ ಹಂದಿ ಬೆದರಿಸಲು ಸರ್ಕಾರ ಅವನ ಒಂಟಿ ನಳಿಗೆ ಬಂದೂಕಿಗೆ ಲೈಸೆನ್ಸ್ ಕೊಟ್ಟಿತ್ತು. ಹಂದಿಗಳು ಶೇಂಗಾ ತಿಂದು ಆರಾಮಾಗಿದ್ದವು. ಬಂದೂಕು ಮಾತ್ರ ಮಾವನ ಹೆಗಲೇರಿ ಸಂತೆ, ಮದುವೆ, ಕ್ಷೌರದಂಗಡಿ ಎಲ್ಲಾ ಸುತ್ತುತ್ತಿತ್ತು.

"ಯಾಕ ಮಾವಾ ಇದು?"

"ಆತ್ಮರಕ್ಷಣೆ ಲೇ! ಕಾಲ ಸರಿ ಇಲ್ಲ."

ಶತ್ರು ಯಾರು? ಪಾಪ, ಅವನೂ ಹುಡುಕುತ್ತಲೇ ಇದ್ದ.

ಬಸ್ಸಿನಲ್ಲಿ ಕಿಟಕಿ ಸೀಟು ಬಂದೂಕಿಗೆ. ಅವನ ಹೆಂಡತಿ, ನಮ್ಮ ಅತ್ತೆ, ದೂರ ಹೋಗಿ ಕೂಡುತ್ತಿದ್ದಳು. "ಅದು ಮನಿಯಾಗಿದ್ರ ನನಗ ನಿದ್ದಿ ಹತ್ತಂಗಿಲ್ಲ, ಠಾಣೆಗೆ ಕೊಟ್ಟುಬಿಡ್ರಿ" ಅಂತ ಮದುವೆಯಾದಾಗಿನಿಂದ ಅವಳ ಗೋಳು. "ನಿನ್ನ ಕಾಯಾಕ ಐತಿ ಅದು!" ಅನ್ನುತ್ತಿದ್ದ ಮಾವ.

ಚುನಾವಣೆ ಬಂದರೆ ಬಂದೂಕುಗಳೆಲ್ಲ ಠಾಣೆಗೆ ಜಮಾ ಆಗಬೇಕಲ್ಲ? ಉಳಿದವರು ಕೊಟ್ಟು ಮರೆತರೆ, ಮಾವ ಬಂದೂಕು ಒರೆಸಲು ಎಣ್ಣೆ, ಅರಿವೆ ಹಿಡಿದು ಬಾಣಂತಿ ನೋಡಲು ಹೋದ ಹಾಗೆ ದಿನಾ ಹೋಗುತ್ತಿದ್ದ. "ಯಜಮಾನ್ರ, ಉಂಡು ಮಲಗೈತ್ರಿ, ನೀವಿನ್ನ ಹೋಗ್ರಿ" ಅನ್ನುತ್ತಿದ್ದ ಪೇದೆ.

ಒಂದು ಸಂತೆಯ ದಿನ ಮಾವ, ಅತ್ತೆ ಇಬ್ಬರೂ ನನ್ನ ಪಂಕ್ಚರ್ ಅಂಗಡಿ ಮುಂದೆ ಚಾ ಕುಡಿಯುತ್ತಿದ್ದರು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಆದರೆ ನನ್ನ ಕೈಯ ಪ್ಯಾಚು ಚಿತ್ರದುರ್ಗ ದಾಟಿದರೂ ಬಿಚ್ಚೋದಿಲ್ಲ! ಅವತ್ತು ಮಾತ್ರ ಲಾರಿಯ ಸವೆದ ಟೈರೊಂದು ಢಮ್ ಅಂತು. ನೋಡುತ್ತೇನೆ, ಮಾವ ಇಡೀ ಸಂತೆಗೇ ಗುರಿ ಹಿಡಿದು ನಿಂತಿದ್ದಾನೆ! ಜನ ಬದನೆಕಾಯಿ ಚೆಲ್ಲಿ ಓಡಿದರು.

"ಮಾವಾ, ಟೈರ್ ಅದು, ಟೈರು!"

"ಮೊದ್ಲ ಹೇಳಬಾರದೇನಲೇ?"

ಪಿಎಸ್‌ಐ ಓಡಿ ಬಂದರು. "ಲೈಸೆನ್ಸ್ ಕೊಟ್ಟಿದ್ದು ಹೊಲಕ್ಕ. ಹಂದಿ ಬಸ್ ಹತ್ತಿ ಸಂತಿಗೆ ಬರ್ತಾವೇನ್ರಿ?"

"ಬಂದ್ರ?" ಅಂದ ಮಾವ.

ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ. ಟೈರುಗಳ ಹಿಂದೆ ಕಿವಿ ಮುಚ್ಚಿಕೊಂಡು ಕುಕ್ಕರಿಸಿದ್ದಳು. ಮಾವ "ಏಳ" ಅಂತ ಕೈ ಚಾಚಿದ. ಅವಳು ಆ ಕೈ ನೋಡಿ ಹಿಂದಕ್ಕೆ ಸರಿದಳು.

ಮಾವ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಬಂದೂಕು ತೆಗೆದು ಪಿಎಸ್‌ಐ ಕೈಗೆ ಕೊಟ್ಟ.

"ಈಗ ಚುನಾವಣಿ ಇಲ್ಲಲ್ರಿ, ಯಜಮಾನ್ರ?"

"ಇರ್ಲಿ ಬಿಡ್ರಿ ಸಾಹೇಬ್ರ. ಅಲ್ಲೇ ಇರ್ಲಿ."

ಎಣ್ಣೆ ಹಚ್ಚಲು ಸಹ ಮಾವ ಮತ್ತೆ ಠಾಣೆಗೆ ಹೋಗಿಲ್ಲ. ಈಗ ಹೊಲದಲ್ಲಿ ತಾಟು ಬಡಿದು ಹಂದಿ ಓಡಿಸುತ್ತಾನೆ.

ಮೊನ್ನೆ ಕೂಡ್ಲಿಗಿ ಬಸ್ಸಿನಲ್ಲಿ ಸಿಕ್ಕಿದ್ದರು. ಕಿಟಕಿ ಸೀಟಿನಲ್ಲಿ ಅತ್ತೆ, ಮಾವನ ಹೆಗಲಿಗೆ ತಲೆಯಿಟ್ಟು ಗಾಢ ನಿದ್ದೆ. "ಟಿಕೆಟ್, ಟಿಕೆಟ್!" ಅಂತ ಕಂಡಕ್ಟರ್ ಕೂಗುತ್ತ ಬಂದ.

"ಮೆಲ್ಲಕ ಲೇ" ಅಂದ ಮಾವ, "ಎಚ್ಚರ ಆದಾಳು."